ಜೊಳ್ಳಿಲ್ಲದ ರಿಸೀವರ್

ನಮ್ಮ ಸೋದರಮಾವ ಕಚ್ಚಿ ನೋಡದೆ ಯಾವ ವಸ್ತುವನ್ನೂ ಕೊಂಡವರಲ್ಲ. ಸಿರುಗುಪ್ಪದ ರೈಸ್ ಮಿಲ್ಲಿನಲ್ಲಿ ಮೂವತ್ತು ವರ್ಷ ಭತ್ತ ಕಚ್ಚಿ ಕಚ್ಚಿ ದರ ಹೇಳಿದ ಹಲ್ಲುಗಳು, ಸುಮ್ಮನಿರುತ್ತವೆಯೇ? ಚಪ್ಪಲಿಯ ಉಂಗುಷ್ಟ ಕಚ್ಚಿದ್ದನ್ನು ನಾನೇ ಕಣ್ಣಾರೆ ಕಂಡಿದ್ದೇನೆ. ಹೋಮ್ ಥಿಯೇಟರ್ ರಿಸೀವರ್ ಒಂದನ್ನು ಮಾತ್ರ ಕಚ್ಚಲಿಲ್ಲ. ಅಂಗಡಿಯವನು ಅಡ್ಡ ಬಂದ!

ಮಿಲ್ಲು ಅವರ ಹಲ್ಲು ಉಳಿಸಿ ಕಿವಿ ತಿಂದಿತ್ತು. ಮಾವ ಮಾತಾಡಿದರೆ ಓಣಿಗೆಲ್ಲ ಕೇಳುತ್ತದೆ. ಓಣಿ ಮಾತಾಡಿದ್ದು ಮಾವನಿಗೆ ಕೇಳುವುದಿಲ್ಲ. "ಏನಂದಿ? ಇನ್ನೊಮ್ಮೆ ಅನ್ನು" ಎನ್ನುವುದು ಅವರ ಕಾಯಂ ಮಾತು. ನಾವೆಲ್ಲ ಕಿರುಚಿ ಹೇಗೋ ಸುಧಾರಿಸುತ್ತೇವೆ. ಅತ್ತೆಯ ದನಿ ಏರಿಸಿದರೂ ಏರದು. ಎರಡು ಸಲ ಹೇಳಿ ಮೂರನೆಯದಕ್ಕೆ ಸುಮ್ಮನಾಗುವ ಅತ್ತೆ, ಈಚೆಗೆ ಮಾತೇ ಬಿಟ್ಟು ಕೈಸನ್ನೆ ಹಿಡಿದಿದ್ದರು. ಕಿವಿಗೆ ಹಾಕುವ ಮಷಿನ್ ಕೊಡಿಸಿದರೆ ಮಾವ, "ಇದು ಬರೇ ಸಿಳ್ಳಿ ಹೊಡಿತೈತಿ" ಎಂದು ಎಲೆಯಡಿಕೆ ಡಬ್ಬಿಗೆ ಸೇರಿಸಿದರು.

ಹೀಗಿರುವಾಗ ಒಂದು ದಿನ ಕುರುಗೋಡಿನ ಬೀಗರು ತಮ್ಮ ಹೊಸ ಹೋಮ್ ಥಿಯೇಟರಿನ ಮೈಕ್ ಹಿಡಿದು ಭಜನೆ ಹಾಡಿದರು. ಮಾವನಿಗೆ ಅಕ್ಷರ ಅಕ್ಷರವೂ ಕೇಳಿಸಿತು. "ಬೀಗರ, ತಾಳ ತಪ್ಪತೈತಿ ನೋಡ್ರಿ" ಎಂದು ತಿದ್ದಿದರು ಕೂಡ. ಬೀಗರ ಮುಖ ಸಣ್ಣದಾಯಿತು. ವಾಪಸು ಬರುವಾಗ ಬಸ್ಸಿನಲ್ಲಿ ಮಾವ ನನ್ನ ಕಿವಿಯಲ್ಲಿ, ಅಂದರೆ ಇಡೀ ಬಸ್ಸಿಗೆ ಹೇಳಿದರು: "ಲೇ, ನಿಮ್ಮತ್ತಿ ಮಾತು ನನಗ ಹಂಗ ಕೇಳಬೇಕು. ಬಳ್ಳಾರಿಗೆ ಹೋಗೂಣು."

ರಿಸೀವರ್ ಎಂದರೆ ದನಿಯನ್ನು ಐದು ಸ್ಪೀಕರುಗಳಿಗೆ ಹಂಚುವ ಡಬ್ಬಿ. ಬಳ್ಳಾರಿಯ ಅಂಗಡಿಯವನು ಚಾನೆಲ್ಲು, ವಾಟು ಎಂದೆಲ್ಲ ವಿವರಿಸಿ, ಸಿನಿಮಾದ ಬಾಂಬು ಸಿಡಿಯುವ ದೃಶ್ಯ ಹಚ್ಚಿದ. ಅಂಗಡಿಯ ಗಾಜು ನಡುಗಿತು. ಮಾವ ಶಾಂತವಾಗಿ, "ಶುರು ಮಾಡಪ" ಎಂದರು!

ಆಮೇಲೆ ತಮ್ಮದೇ ಪರೀಕ್ಷೆಗೆ ಇಳಿದರು. ಒಂದೊಂದನ್ನೂ ಕೂಸಿನ ಹಾಗೆ ಎತ್ತಿ, ಅಲುಗಾಡಿಸಿ, ತೂಗಿ ನೋಡಿದರು. "ಹಗುರ ಐತಿ. ಇದು ಜೊಳ್ಳು." ಭಾರದ್ದು ಸಿಕ್ಕಿತು. ಅದಾದರೂ ಆಯಿತೇ? "ಮ್ಯಾಲಿನ ಚೀಲ ತೋರಸಬ್ಯಾಡ, ಅಡಿಗಿಂದು ತಗಿ." ಪಾಪ, ಅವನು ಒಂಬತ್ತು ಡಬ್ಬಿ ಇಳಿಸಿದ. ತಳದ್ದನ್ನು ಮಾವ ತಿರುಗಿಸಿ ನೋಡಿದರು.

"ಮೈಕಿನ ತೂತು ಎಲ್ಲೈತಿ?"

ಅಂಗಡಿಯವನು ಮಾವನ ಕಿವಿಗೇ ಬಾಯಿಟ್ಟು ಕೂಗಿದ: "ಇದಕ್ಕ ಇಲ್ರಿ. ಬ್ಯಾರೇದಕ್ಕ ಐತಿ. ಯಜಮಾನ್ರು ಹಾಡ್ತೀರೇನ್ರಿ?"

"ನಾ ಯಾಕ ಹಾಡ್ಲಿ? ನಮ್ಮನಿಯಾಕಿ ಮಾತಾಡತಾಳ."

ಅಂಗಡಿಯವನು ಇಳಿಸಿದ ಡಬ್ಬಿಗಳನ್ನೆಲ್ಲ ಮತ್ತೆ ಮೇಲಿಟ್ಟ. ತೂತಿದ್ದ ರಿಸೀವರನ್ನು ಕಟ್ಟಿಕೊಟ್ಟ.

ಮನೆಯ ಪಡಸಾಲೆಯ ಸುತ್ತ ಐದು ಸ್ಪೀಕರು ಕೂತವು. ಮೈಕಿನ ವೈರು ಅಡುಗೆಮನೆಯವರೆಗೆ ಹೋಗಿ, ಮೈಕು ಸೌಟಿನ ಪಕ್ಕದ ಮೊಳೆಗೆ ನೇತುಬಿತ್ತು. ಅತ್ತೆ ಮುಟ್ಟಲೇ ಇಲ್ಲ. "ಓಣಿ ಮಂದಿ ನಗತಾರ" ಎಂದು ನನ್ನ ಹತ್ತಿರ ಪಿಸುಗುಟ್ಟಿದರು. ಎರಡು ದಿನ ಮಾವ ಟೀವಿ ಹಚ್ಚಲಿಲ್ಲ. ರಿಸೀವರಿನ ಪುಟ್ಟ ದೀಪವನ್ನೇ ನೋಡುತ್ತ ಕೂತರು. ನನಗೆ ನಗು ಬರುವುದು ನಿಂತುಹೋಯಿತು.

ಮೂರನೆಯ ದಿನ ಸಂಜೆ, ಐದೂ ಕಡೆಯಿಂದ ಒಂದು ಸಣ್ಣ ಕೆಮ್ಮು ಬಂತು. ಹಿಂದೆಯೇ ಅತ್ತೆಯ ದನಿ:

"ರೀ, ಚಾ ಕುಡೀತೀರೇನು?"

ಮಾವ ಅಲುಗಾಡಲಿಲ್ಲ. ಇದೂ ಕೇಳಿಸಲಿಲ್ಲವೇನೋ ಎಂದು ಅತ್ತೆ ಮೈಕ್ ಹಿಡಿದುಕೊಂಡೇ ಬಾಗಿಲಿಗೆ ಬಂದು, ಕಪ್ಪು ಎತ್ತುವ ಹಾಗೆ ಕೈಸನ್ನೆ ಮಾಡಿದರು. ಮಾವನ ಕಣ್ಣು ತುಂಬಿದ್ದವು. ನನ್ನವೂ ತುಂಬಿದವು. ಓಣಿಗೆಲ್ಲ ಕೇಳುವಂತೆ ಮಾತಾಡುವ ಮಾವ, ನಾನು ಬಲ್ಲಂತೆ ಮೊದಲ ಸಲ, ಮೆಲ್ಲಗೆ ಅಂದರು:

"ಕೇಳ್ತು. ಇನ್ನೊಮ್ಮೆ ಅನ್ನು."