ಕೋಟು ಒಗೆದವಳಿಂದ ದೊಡ್ಡಮ್ಮನವರಿಗೆ ಒಂದು ದೂರು

ಕೊಟ್ಟಿಗೆಯ ಹಿರಿಯರೂ, ಹಾಲು ಕರೆಯುವ ಸಾಲಿನಲ್ಲಿ ಸದಾ ಮೊದಲಿಗರೂ, ಬೆನ್ನ ಮೇಲೆ ಕೂತ ನೊಣವನ್ನೂ ಬೆನ್ನ ಹಿಂದೆ ನಿಂತ ವಿದ್ಯಾರ್ಥಿಯನ್ನೂ ಒಂದೇ ಬಾಲದಿಂದ ವಿಚಾರಿಸಿಕೊಳ್ಳಬಲ್ಲವರೂ ಆದ ಹಸು ದೊಡ್ಡಮ್ಮನವರಿಗೆ, ಪಶುವೈದ್ಯ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಕಾಲಿಗೆ ಸಿಗದಷ್ಟು ದೂರದಲ್ಲಿ ನಿಂತು ಮಾಡುವ ನಮಸ್ಕಾರಗಳು.

ಮಾನ್ಯರೇ,

ತಾವೂ ತಮ್ಮ ಪರಿವಾರವೂ ಕ್ಷೇಮವೆಂದು ನಂಬಿದ್ದೇನೆ. ತಮ್ಮ ವಿಶ್ರಾಂತಿಗೆ ಭಂಗ ತರುತ್ತಿರುವುದಕ್ಕೆ ಕ್ಷಮೆಯಿರಲಿ. ತಾವು ಹೇಗೂ ಮೆಲುಕು ಹಾಕುವವರು. ಈ ದೂರನ್ನು ಒಮ್ಮೆಗೆ ನುಂಗಿಟ್ಟುಕೊಂಡು, ಬಿಡುವಾದಾಗ ಮತ್ತೆ ಬಾಯಿಗೆ ತಂದುಕೊಂಡು, ನಿಧಾನವಾಗಿ ಅಗಿದು ನ್ಯಾಯ ಹೇಳಬೇಕೆಂದು ಕೋರುತ್ತೇನೆ. ನಮ್ಮ ಕಾಲೇಜಿನ ಕಚೇರಿಯವರಿಗೂ ದೂರು ಕೊಟ್ಟು ನೋಡಿದ್ದಾಯಿತು. ಅವರಿಗೆ ನುಂಗುವ ವಿದ್ಯೆ ಮಾತ್ರ ಗೊತ್ತು.

ನಾನು ಊರು ಬಿಟ್ಟು, ಎರಡು ರೈಲು ಬದಲಿಸಿ ಇಲ್ಲಿಗೆ ಓದಲು ಬಂದವಳು. ನಮ್ಮದು ಐದನೆಯ ಮಹಡಿಯ ಮನೆ, ಅಲ್ಲಿ ಹಾಲು ಪ್ಯಾಕೆಟ್ಟಿನಲ್ಲಿಯೇ ಹುಟ್ಟಿ ಪ್ಯಾಕೆಟ್ಟಿನಲ್ಲಿಯೇ ಬೆಳೆಯುತ್ತಿತ್ತು. ಇಂಥವಳು ಡಾಕ್ಟರಾಗುತ್ತಾಳೆಂದು ಅಮ್ಮ ಇಡೀ ಕಟ್ಟಡಕ್ಕೆ ಸಾರಿಬಿಟ್ಟಿದ್ದಾಳೆ, ಯಾರಿಗೆ ಡಾಕ್ಟರು ಎಂಬುದನ್ನು ಮಾತ್ರ ಜಾಣತನದಿಂದ ಬಿಟ್ಟಿದ್ದಾಳೆ. ಹೀಗಿರುವಾಗ ಕಾಲೇಜಿನ ನಿಯಮವೊಂದು ನನ್ನ ಕುತ್ತಿಗೆಗೆ ಬಂತು: ರಜೆಯಲ್ಲಿ ಯಾವುದಾದರೂ ಫಾರಂನಲ್ಲಿ ದನವೋ ಕುರಿಯೋ ಹಂದಿಯೋ, ಒಟ್ಟಿನಲ್ಲಿ ಜೀವವಿರುವ ಒಂದರ ಜೊತೆ ಕೆಲಸ ಮಾಡಿ, ಅಲ್ಲಿನವರ ಸಹಿ ತಂದವರಿಗೆ ಮಾತ್ರ ಮುಂದಿನ ತರಗತಿ, ಉಳಿದವರು ಅದೇ ಬೆಂಚಿನಲ್ಲಿ, ತಮಗಿಂತ ಚಿಕ್ಕವರ ನಡುವೆ, ಇನ್ನೊಂದು ವರ್ಷ.

ಜಾಗ ಹುಡುಕಲು ನಾನು ಫೋನು ಹಿಡಿದು ಕೂತೆ. ಹಂದಿ ಸಾಕುವವರು ಮೊದಲಿಗೆ ಪ್ರೀತಿಯಿಂದಲೇ ಕೇಳಿದರು, "ಹಂದಿ ಹಿಡಿದಿದ್ದೀಯೇನಮ್ಮಾ ಯಾವತ್ತಾದ್ರೂ?" ಇಲ್ಲವೆಂದೆ. "ಹಾಗಾದ್ರೆ ಎಲ್ಲಾದ್ರೂ ಹಿಡಿದು ಕಲಿತ್ಕೊಂಡು ಇಲ್ಲಿಗೆ ಬಾ, ಹಿಡಿಯೋದು ಕಲಿಸ್ತೀವಿ." ಕುರಿ ಸಾಕುವವರು ನನ್ನ ಮಾತು ಮುಗಿಯುವ ಮೊದಲೇ ನಿಟ್ಟುಸಿರು ಬಿಟ್ಟರು. "ಹೋದ ವರ್ಷ ನಿಮ್ ಕಾಲೇಜಿಂದ ಒಬ್ಬ ಬಂದಿದ್ದ, ಬೇಲಿ ಬಾಗಿಲು ಹಾಕೋದು ಮರೆತ. ನಮ್ ಕುರಿ ಇನ್ನೂ ಒಂದೊಂದಾಗಿ ಸಿಗ್ತಾ ಇವೆ." ಕೋಳಿ ಫಾರಂನವರಂತೂ ಪಿಸುಗುಟ್ಟಿಯೇ ಮಾತಾಡಿದರು, "ಹೊಸಬರ ಸುಳಿವು ಸಿಕ್ರೆ ನಮ್ ಕೋಳಿ ಮೊಟ್ಟೆ ಇಡಲ್ಲ. ನೀನು ಬರೋದು ಬೇಡ. ಫೋನು ಇಡೋದಾದ್ರೂ ಮೆಲ್ಲಗೆ ಇಡು." ಈ ಕೋಳಿಗಳ ಯಜಮಾನರು ನಮ್ಮ ತರಗತಿಯ ಸೆಂಟು ಬುಡ್ಡಿಯ ಸೋದರಮಾವ. ಸೆಂಟು ಬುಡ್ಡಿ ಎಂದರೆ, ತರಗತಿಗೆ ತಾನು ಬರುವ ಮೊದಲು ತನ್ನ ಪರಿಮಳವನ್ನು ಕಳಿಸಿಕೊಡುವ ಸಹಪಾಠಿ. ಮಾವನ ಫಾರಂನಲ್ಲಿ ತನ್ನ ಜಾಗ ಭದ್ರವಾದ ದಿನ ಅವನು ಎಲ್ಲರೆದುರು ನನ್ನನ್ನು ಕೇಳಿದ್ದ, "ಏನಮ್ಮಾ ಐದನೇ ಮಹಡಿ, ನಿಂಗ್ಯಾರು ಕೊಡ್ತಾರೆ ಜಾಗ? ಹಸುಗೆ ಯಾವ ಕಡೆ ಕೊಂಬು ಅಂತಾದ್ರೂ ಗೊತ್ತಾ?"

ಕೊನೆಗೆ ಸಿಕ್ಕಿದ್ದು ತಮ್ಮ ಮನೆ. ತಮ್ಮ ಯಜಮಾನಿ, ಎಲ್ಲರೂ ಅಕ್ಕ ಎಂದು ಕರೆಯುವವರು, ಫೋನಿನಲ್ಲಿಯೇ ಷರತ್ತು ಹಾಕಿದರು. "ಬಾರಮ್ಮ. ಆದ್ರೆ ನಮ್ಮಲ್ಲಿ ಪರೀಕ್ಷೆ ಮಾಡೋಳು ದೊಡ್ಡಮ್ಮ. ಕೊನೇ ದಿನ ಅವಳನ್ನ ಹಾಲು ಕರೆಯೋ ಮನೆಯೊಳಕ್ಕೆ ನೀನೇ ಕರ್ಕೊಂಡು ಹೋಗ್ಬೇಕು. ಬಂದ್ಲು ಅಂದ್ರೆ ನಂದು ಸಹಿ. ಬರ್ಲಿಲ್ಲ ಅಂದ್ರೆ, ಅವಳು ಒಪ್ಪದೇ ಇದ್ದೋಳನ್ನ ನಾನ್ಯಾಕೆ ಒಪ್ಕೊಳ್ಳಲಿ?" ತಾವು ಯಾರೆಂದು ಆಗ ನನಗೆ ತಿಳಿದಿರಲಿಲ್ಲ. ಮನೆಯ ಹಿರಿಯರೊಬ್ಬರಿರಬೇಕು, ಮಂಡಿನೋವಿರಬೇಕು, ಕೈಹಿಡಿದು ನಡೆಸಬೇಕೇನೋ ಎಂದುಕೊಂಡೆ. ಅಮ್ಮನಿಗೂ ಹಾಗೆಯೇ ಹೇಳಿದೆ. ಬಂದು ತಮ್ಮನ್ನು ಕಣ್ಣಾರೆ ಕಂಡ ಮೇಲೂ ಅವಳನ್ನು ತಿದ್ದುವ ಧೈರ್ಯ ನನಗಾಗಲಿಲ್ಲ.

ಇನ್ನು ಕೋಟಿನ ವಿಷಯ. ತಮ್ಮ ಬಾಗಿಲ ಪಕ್ಕದ ಮೊಳೆಗೆ ಒಂದು ನೀಲಿ ಕೋಟು ನೇತುಹಾಕಿರುತ್ತದೆ. ವೈದ್ಯರೇ ಬರಲಿ, ಯಂತ್ರ ರಿಪೇರಿಯವರೇ ಬರಲಿ, ಹೊರಗಿನವರು ಯಾರು ಒಳಗೆ ಕಾಲಿಡಬೇಕಾದರೂ ಅದನ್ನೇ ತೊಟ್ಟುಕೊಳ್ಳಬೇಕು. ಅದರೊಳಗೆ ಯಾವ ಮನುಷ್ಯ ಇದ್ದಾನೆಂಬುದು ತಮಗೆ ಮುಖ್ಯವಲ್ಲ. ಕೋಟಿನ ವಾಸನೆ ಪರಿಚಯದ್ದು, ಸಾಕು. ಈ ವ್ಯವಸ್ಥೆಯನ್ನು ನನಗೆ ಯಾರೂ ಹೇಳಲಿಲ್ಲ. ಅಕ್ಕನ ಮನೆಯಲ್ಲಿ ಅದು ಬಾಗಿಲಿಗೆ ಚಿಲಕ ಇರುವಷ್ಟೇ ಸಹಜವಾದ ಸಂಗತಿ, ಚಿಲಕವಿದೆ ಎಂದು ಯಾರೂ ಅತಿಥಿಗೆ ಹೇಳುವುದಿಲ್ಲ. ನನಗೆ ಕಂಡದ್ದು ಸಗಣಿಯಿಂದ ಗಟ್ಟಿಯಾಗಿ, ಮೊಳೆ ಇಲ್ಲದಿದ್ದರೂ ತಾನೇ ನಿಲ್ಲಬಲ್ಲ ಒಂದು ಬಟ್ಟೆ. ಶುಚಿಯಾದ ಉಡುಪಿಲ್ಲದೆ ಕೊಟ್ಟಿಗೆ ಹೊಗಬೇಡಿ ಎಂದು ಕಾಲೇಜಿನಲ್ಲಿ ಕಲಿಸಿದ್ದರು. "ಮೊದಲನೇ ದಿನವೇ ಗಲೀಜಾಗಿ ಕಾಣಿಸ್ಕೋಬೇಡ ಕಣೇ" ಎಂದು ಅಮ್ಮ ಹೇಳಿದ್ದಳು, ಮಲ್ಲಿಗೆ ಘಮದ ಸೋಪಿನ ಪುಡಿಯನ್ನೂ ಕಟ್ಟಿಕೊಟ್ಟಿದ್ದಳು. ಬಂದ ಸಂಜೆಯೇ ಕೋಟನ್ನು ನೆನೆಹಾಕಿ, ಉಜ್ಜಿ, ಮತ್ತೊಮ್ಮೆ ನೆನೆಹಾಕಿ, ಹಿಂಡಿ ಒಣಗಿಸಿದೆ. ಅದಕ್ಕೆ ನೀಲಿಯಲ್ಲದೆ ಬಿಳಿ ಗೆರೆಯೂ ಇದೆಯೆಂದು ಆ ಮನೆಯವರಿಗೆ ಗೊತ್ತಾದದ್ದೇ ನನ್ನಿಂದ.

ಮರುದಿನ ಬೆಳಗ್ಗೆ ನಾನು ಬಾಗಿಲಲ್ಲಿ ನಿಂತಾಗ ತಾವು ಎಂದಿನಂತೆ ಸಾಲಿನ ಮುಂದೆ ಗಂಭೀರವಾಗಿ ಬಂದಿರಿ, ಹೊಸ್ತಿಲ ಬಳಿ ಮೂಗು ಮೇಲೆತ್ತಿದಿರಿ, ಮತ್ತೆ ಕಂಬದಂತೆ ನಿಂತುಬಿಟ್ಟಿರಿ. ತಮ್ಮ ಹಿಂದಿನವರು ತಮ್ಮ ಬೆನ್ನಿಗೆ ಮುಖ ಒರಗಿಸಿ ನಿಂತರು, ಅವರ ಹಿಂದಿನವರು ಅವರಿಗೆ. ಹೀಗೆ ಸಾಲು ಅಂಗಳ ದಾಟಿ, ಹುಲ್ಲಿನ ಗೋದಾಮು ಬಳಸಿ, ಗೇಟಿನಾಚೆ ನಿಂತ ಹಾಲಿನ ಟ್ಯಾಂಕರಿಗೆ ಮುಟ್ಟಿತು. ಚಾಲಕ ತಲೆ ಹೊರಗೆ ಹಾಕಿ ಕೂಗಿದ, "ಏನಕ್ಕಾ, ಇವತ್ತು ಇವರದ್ದೆಲ್ಲ ಮುಷ್ಕರಾನಾ?" ಅಕ್ಕ ಓಡಿಬಂದರು, ಒಮ್ಮೆ ಉಸಿರೆಳೆದುಕೊಂಡರು. "ಇದೇನೇ ಇದು, ಕೊಟ್ಟಿಗೇಲಿ ಮಲ್ಲಿಗೆ! ಸೋಪು ಹಾಕಿದ್ಯಾ?" "ಎರಡು ಸಲ ಅಕ್ಕಾ" ಎಂದೆ, ಹೊಗಳುತ್ತಾರೆಂದುಕೊಂಡು. "ಅಯ್ಯೋ ಪುಣ್ಯಾತಗಿತ್ತಿ! ಯಾವಾಗ್ಲೋ ಒಂದ್ಸಲ ಬರೀ ನೀರಲ್ಲಿ ಜಾಲಿಸ್ತೀವಿ ಕಣೇ ಅದನ್ನ, ಸೋಪು ಸೋಕಿಸಿದೋರೇ ಇಲ್ಲ!" ಆಮೇಲೆ ಚಾಲಕನ ಕಡೆ ತಿರುಗಿ, "ಹೊಸ ಡಾಕ್ಟ್ರು ಘಮ್ಮಂತ ಬಂದಿದ್ದಾರಪ್ಪಾ, ನಮ್ಮೋರು ನಾಚ್ಕೊಂಡಿದ್ದಾರೆ, ಸ್ವಲ್ಪ ತಡಿ."

ಮಾನ್ಯರೇ, ಕಾಲೇಜಿನಲ್ಲಿ ನಾನು ಅನೇಕ ಬಾರಿ ಫೇಲಾಗಿದ್ದೇನೆ, ಆದರೆ ಪರೀಕ್ಷಕರೂ ಅವರ ಬಂಧುಬಳಗವೂ ಸಾಲಾಗಿ ನಿಂತು ನೋಡುವಂತೆ ಫೇಲಾದದ್ದು ಅದೇ ಮೊದಲು. ನನ್ನನ್ನು ಗೋದಾಮಿನ ಹಿಂದೆ ಬಚ್ಚಿಟ್ಟ ಮೇಲೆಯೇ ತಾವು ಒಳಗೆ ದಯಮಾಡಿಸಿದಿರಿ. ಹೋಗುವಾಗ ಹಿಂತಿರುಗಿ ಒಮ್ಮೆ ನೋಡಿದಿರಿ. ಆ ನೋಟವನ್ನು ನಮ್ಮ ಪ್ರಾಂಶುಪಾಲರು ಅಭ್ಯಾಸ ಮಾಡಿದರೆ ಕಾಲೇಜಿನಲ್ಲಿ ಶಿಸ್ತು ಸಮಿತಿಯೇ ಬೇಕಾಗುವುದಿಲ್ಲ.

ಆ ಸಂಜೆ ಅಮ್ಮನಿಗೆ ಫೋನು ಮಾಡಿ, ದೊಡ್ಡಮ್ಮ ನನ್ನನ್ನು ಕಂಡರೆ ಕಾಲೂರಿ ನಿಂತುಬಿಡುತ್ತಾರೆ ಎಂದು ಅತ್ತೆ. "ಹಿರಿಯರು ಹಾಗೇನೇ. ಕೈಕಾಲು ಹಿಡಿದಾದ್ರೂ ಒಪ್ಪಿಸ್ಕೊಳ್ಳೇ" ಎಂದಳು ಅಮ್ಮ. ತಾಯಿಯ ಮಾತು ಮೀರಬಾರದೆಂದು ನಾನು ಬಂದು ಹಿಂಗಾಲು ಹಿಡಿದದ್ದೂ, ತಾವು ಕೊಟ್ಟ ಉತ್ತರವೂ, ನಾನು ಹಿಂಡಿಯ ಚೀಲಗಳ ಮೇಲೆ ಹೋಗಿ ಬಿದ್ದದ್ದೂ ತಮಗೆ ನೆನಪಿರಬಹುದು. ಚೀಲಗಳನ್ನು ಅಲ್ಲಿಯೇ ಜೋಡಿಸಿಡಿಸಿದ ತಮ್ಮ ದೂರದೃಷ್ಟಿಗೆ ನಾನು ಋಣಿ.

ಅಕ್ಕ ಕೋಟನ್ನು ಕಿತ್ತುಕೊಂಡು ಕರುಗಳ ಕೋಣೆಗೆ ಎಸೆದರು. "ಅವು ಮಲಗಲಿ, ತುಳೀಲಿ, ಏನು ಬೇಕಾದ್ರೂ ಮಾಡ್ಲಿ. ಕೋಟು ಕೋಟಿನ ಹಾಗಾದ್ಮೇಲೆ ನೋಡೋಣ." ಕರುಗಳು ಕೋಟನ್ನು ಪಠ್ಯಪುಸ್ತಕದಂತೆ ಶ್ರದ್ಧೆಯಿಂದ ಓದಿದವು. ಒಂದು ಜೇಬನ್ನು ತಿಂದಿತು, ಇನ್ನೊಂದು ತೋಳನ್ನು ಚೀಪಿ ಉದ್ದ ಮಾಡಿತು, ಉಳಿದವು ಒಟ್ಟಾಗಿ ಅದರ ಮೇಲೆ ತಮ್ಮ ಅಭಿಪ್ರಾಯವನ್ನು ದಾಖಲಿಸಿದವು. ಅಷ್ಟೂ ದಿನ ನಾನು ಸಗಣಿ ಬಾಚಿದೆ, ನೀರಿನ ತೊಟ್ಟಿ ತಿಕ್ಕಿದೆ, ತಾವು ಬರುವ ಹೊತ್ತಿಗೆ ಕಳ್ಳಿಯಂತೆ ಗೋದಾಮಿನ ಹಿಂದೆ ಓಡಿದೆ. ಸೋಪಿನ ಪುಡಿಯ ಪೊಟ್ಟಣವನ್ನು ಮುಟ್ಟಲಿಲ್ಲ. ಟ್ಯಾಂಕರಿನ ಚಾಲಕ ದಿನವೂ ಕೇಳುತ್ತಿದ್ದ, "ಏನು ಡಾಕ್ಟ್ರೇ, ಇವತ್ತು ಎಷ್ಟು ಕೊಳೆ ಸಂಪಾದನೆ?"

ಕೊನೆಯ ದಿನ ಬಂತು. ಕೋಟು ತೊಟ್ಟು ಹೊಸ್ತಿಲಲ್ಲಿ ನಿಂತೆ. ಒಂದು ತೋಳು ಬೆರಳು ದಾಟಿ ತೂಗುತ್ತಿತ್ತು. ಅಕ್ಕ ಕೈಕಟ್ಟಿ ಗೋಡೆಗೆ ಒರಗಿದ್ದರು, ಚಾಲಕ ಇಂಜಿನ್ ಆರಿಸಿ ಇಳಿದು ಬಂದಿದ್ದ. ತಾವು ಬಂದಿರಿ, ಮೂಗೆತ್ತಿದಿರಿ, ನಿಂತಿರಿ. ಹಿಂದೆ ಸಾಲು ನಿಂತಿತು. ಕಲಿತದ್ದೆಲ್ಲ ಮರೆತುಹೋಯಿತು. ಬಾ ಎನ್ನಲು ಬಾಯಿ ಬರಲಿಲ್ಲ, ಬಂದದ್ದೆಲ್ಲ ಗೋಳು: "ನೋಡಿ ದೊಡ್ಡಮ್ಮ, ನೀವು ಬರಲ್ಲ ಅಂದ್ರೆ ನಾನು ಮತ್ತೆ ಅದೇ ಬೆಂಚು, ಆ ಸೆಂಟು ಬುಡ್ಡಿ ನಗ್ತಾನೆ, ನಮ್ಮಮ್ಮ ಇಡೀ ಬಿಲ್ಡಿಂಗಿಗೆ ಹೇಳ್ಕೊಂಡಿದ್ದಾಳೆ, ಅವಳಿಗೆ ನಾನು ಏನಂತ ಹೇಳಲಿ…" ಅಷ್ಟರಲ್ಲಿ ತಾವು ಮುಂದೆ ಬಂದು, ಗಲ್ಲದಿಂದ ಹಿಡಿದು ಬೈತಲೆಯವರೆಗೆ ನನ್ನ ಮುಖವನ್ನು ಒಂದೇ ಎಳೆತಕ್ಕೆ ನೆಕ್ಕಿ, ನನ್ನನ್ನು ಪಕ್ಕೆಯಿಂದ ತಳ್ಳಿಕೊಂಡೇ ಒಳಗೆ ನಡೆದಿರಿ. ಸಾಲು ಹಿಂದೆ ಬಂತು. "ಅವಳ ಸಹಿ ಆಯ್ತಲ್ಲ, ಇನ್ನು ನಂದೇನು" ಎಂದು ಅಕ್ಕ ಪೆನ್ನು ಹುಡುಕಲು ಹೋದರು.

ಅಮ್ಮನಿಗೆ ಕೂಡಲೇ ಫೋನು ಮಾಡಿದೆ. "ಒಪ್ಪಿದ್ರೇನೇ?" ಎಂದಳು. "ಮುಖ ನೆಕ್ಕಿದ್ರಮ್ಮಾ" ಎಂದೆ. ಆ ಕಡೆ ಅಮ್ಮ ಬಾಗಿಲು ಹಾಕಿಕೊಂಡ ಸದ್ದಾಯಿತು. ಆಮೇಲೆ ಮೆಲ್ಲಗೆ ಕೇಳಿದಳು, "ಒಳ್ಳೇ ಮನೆತನ ತಾನೇ?"

ಅಂದು ತಮ್ಮ ನಾಲಗೆಯಿಂದಾಗಿ ಅರ್ಧಕ್ಕೇ ನಿಂತುಹೋದ ನನ್ನ ಗೋಳಿನ ಉಳಿದ ಭಾಗವನ್ನು ಸಲ್ಲಿಸುವುದೇ ಈ ಪತ್ರದ ಉದ್ದೇಶ. ತಾವು ನನ್ನನ್ನು ಒಪ್ಪಿದಿರಿ, ಆದರೆ ಅಂದಿನಿಂದ ಮನುಷ್ಯರು ಯಾರೂ ಒಪ್ಪುತ್ತಿಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ನನ್ನ ಸುತ್ತಲಿನ ಸೀಟುಗಳು ಗೌರವಪೂರ್ವಕವಾಗಿ ಖಾಲಿಯಾದವು. ಹಾಸ್ಟೆಲಿನ ಕೋಣೆಯವಳು ತನ್ನ ಹಾಸಿಗೆಯನ್ನು ಕಾರಿಡಾರಿಗೆ ಎಳೆದುಕೊಂಡು, "ನೀನು ಪಾಸಾಗಿದ್ದು ಸಂತೋಷ ಕಣೇ, ಅಲ್ಲೇ ನಿಂತು ಹೇಳು" ಎನ್ನುತ್ತಾಳೆ. ಇದಕ್ಕಿಂತ ದುರಂತವೆಂದರೆ, ಈಗ ಸೋಪಿನ ವಾಸನೆ ಬಂದರೆ ಬಚ್ಚಲ ಹೊಸ್ತಿಲಲ್ಲಿ ನನ್ನ ಕಾಲೂ ನಿಂತುಬಿಡುತ್ತದೆ.

ಆದ್ದರಿಂದ ತಾವು ದಯವಿಟ್ಟು ನಮ್ಮ ಕಾಲೇಜಿನ ಪರೀಕ್ಷಾ ಮಂಡಳಿಯ ಅಧ್ಯಕ್ಷತೆಯನ್ನು ವಹಿಸಿಕೊಂಡು, ಪ್ರಾಧ್ಯಾಪಕರನ್ನು ಒಬ್ಬೊಬ್ಬರನ್ನೇ ಮೂಸಿ ನೋಡಿ ತರಗತಿಯೊಳಗೆ ಬಿಡಬೇಕು; ಒದೆಯುವ ಮುನ್ನ ಯಾವ ಕಾಲೆಂದು ಮುಂಗಡವಾಗಿ ತಿಳಿಸಬೇಕು; ಬಾಲದಿಂದ ಕಪಾಳಕ್ಕೆ ಕೊಡುವ ಪದ್ಧತಿಯನ್ನು ಬಾಲ ಒಣಗಿರುವ ಹೊತ್ತಿಗೆ ಸೀಮಿತಗೊಳಿಸಬೇಕು; ಮತ್ತು ಬಿಡುವಿದ್ದರೆ ಆ ಕುರಿಯವರ ಉಳಿದ ಕುರಿಗಳನ್ನು ಹುಡುಕಿಕೊಡಬೇಕು. ಇವಿಷ್ಟೂ ಆಗದಿದ್ದರೆ, ಮುಂದಿನ ರಜೆಯಲ್ಲಿ ನಾನು ಗೇಟಿಗೆ ಬಂದಾಗ ಗುರುತು ಹಿಡಿದರೆ ಸಾಕು.

ಎಂದೆಂದಿಗೂ ತಮ್ಮ ಕೋಟಿನೊಳಗಿರುವ,
ತಮ್ಮ ವಿಶ್ವಾಸಿ,
ಐದನೇ ಮಹಡಿ

ಮರೆತ ಮಾತು: ಸೆಂಟು ಬುಡ್ಡಿ ಮಾವನ ಫಾರಂಗೆ ಕಾಲಿಟ್ಟ ದಿನದಿಂದ ಕೋಳಿಗಳು ಮೊಟ್ಟೆ ನಿಲ್ಲಿಸಿವೆಯಂತೆ, ಮಾವ ಅವನನ್ನು ಓಡಿಸಿದ್ದಾರೆ. ರಜೆ ಮುಗಿಯುವುದರೊಳಗೆ ಅವನಿಗೂ ಸಹಿ ಬೇಕಲ್ಲ, ಬರುವ ಸೋಮವಾರ ತಮ್ಮಲ್ಲಿಗೆ ಬರುತ್ತಿದ್ದಾನೆ. "ಏನಾದ್ರೂ ಕಿವಿಮಾತು ಇದ್ರೆ ಹೇಳೇ" ಎಂದು ಬಹಳ ವಿನಯದಿಂದ ಕೇಳಿದ. ಮನೆಯ ಹಿರಿಯರು ದೊಡ್ಡಮ್ಮನವರು, ಅವರ ಒಪ್ಪಿಗೆಯೇ ಮುಖ್ಯ, ಮೊದಲನೇ ದಿನ ಗಲೀಜಾಗಿ ಕಾಣಿಸಿಕೊಳ್ಳಬೇಡ ಎಂದು ಹೇಳಿ, ಉಳಿದಿದ್ದ ಸೋಪಿನ ಪುಡಿಯನ್ನು ಅವನ ಕೈಗಿಟ್ಟಿದ್ದೇನೆ. ಹಿಂಡಿಯ ಚೀಲಗಳನ್ನು ದಯವಿಟ್ಟು ಅಲ್ಲಿಂದ ತೆಗೆಸಿಬಿಡಿ.