ಎರವಲು ಕೊಟ್ಟ ವಯಸ್ಸು

ಲಾಮ್ ಮಾಡಿದ ತಪ್ಪು ಒಂದೇ: ಆ ವರ್ಷ ಅವನಿಗೆ ಐವತ್ತೆರಡು ನಡೆಯುತ್ತಿತ್ತು.

ಮಾಂಗ್ ತಿಟ್‌ನ ಕಾಲುವೆ ದಂಡೆಯ ಊರಲ್ಲಿ ಯಜಮಾನನ ವಯಸ್ಸಿನ ಲೆಕ್ಕ ಕೂಡಿಬರದೆ ಯಾರೂ ಮನೆಗೆ ಗುದ್ದಲಿ ಹಾಕುವುದಿಲ್ಲ. ಯಜಮಾನನ ವಯಸ್ಸು ಕೆಟ್ಟದಾಗಿದ್ದರೆ ಒಳ್ಳೆಯ ವಯಸ್ಸಿನವನೊಬ್ಬನನ್ನು ಎರವಲು ತರುತ್ತಾರೆ. ಮನೆ ಮುಗಿಯುವ ತನಕ ದೇವರ ಕಣ್ಣಿಗೆ ಅವನೇ ಯಜಮಾನ. ವಯಸ್ಸನ್ನು ಒಮ್ಮೆಗೆ ಒಂದೇ ಮನೆಗೆ ಕೊಡಬಹುದು. ಆ ವರ್ಷ ಊರಲ್ಲಿ ಲೆಕ್ಕ ಕೂಡುವ ಗಂಡಸರು ಮೂವರೇ. ಇಬ್ಬರು ಆಗಲೇ ಎರವಲು ಹೋಗಿದ್ದರು.

ಉಳಿದವನು ಲಾಮ್. ಬಿಕ್ ಅಕ್ಕನ ಇಟ್ಟಿಗೆ-ಸಿಮೆಂಟಿನ ಮಂಡಿಯಲ್ಲಿ ಇಪ್ಪತ್ತೇಳು ವರ್ಷ ಇಟ್ಟಿಗೆ ಹೊತ್ತವನು, ಇವತ್ತಿಗೂ ಗರಿಯ ಗುಡಿಸಲಲ್ಲಿದ್ದ. ಹೆಂಡತಿ ತವರಿಗೆ ಹೋಗಿ ಕೂತಿದ್ದಳು. "ಹೊಸ ವರ್ಷದೊಳಗೆ ಇಟ್ಟಿಗೆ ಗೋಡೆ ಎದ್ದರೆ ಬರ್ತೀನಿ. ಇಲ್ಲಾಂದ್ರೆ ಆ ಗರೀನೇ ತಬ್ಕೊಂಡು ಮಲ್ಕೋ" ಎಂದು ಹೇಳಿ ಕಳಿಸಿದ್ದಳು.

"ಏ ಲಾಮ್, ನಮ್ಮ ಗಿರಾಕಿ ಖಾಂಗ್‌ಗೆ ನಲವತ್ತನಾಲ್ಕು. ಕೆಟ್ಟ ವಯಸ್ಸು. ನಿಂದು ಎರಡು ತಿಂಗಳು ಕೊಡೋ" ಎಂದಳು ಬಿಕ್ ಅಕ್ಕ.

"ಅಕ್ಕಾ, ಈ ವರ್ಷ ನನ್ನ ಮನೆ..."

"ಅವನದು ಮುಗಿದ ಕೂಡಲೇ ನಿಂದು. ಇಟ್ಟಿಗೆ ನಾನು ಕಳಿಸ್ತೀನಿ. ವಯಸ್ಸೇನು ಸಾಬೂನೇನೋ, ಸವೆದುಹೋಗೋಕೆ?"

ಮರುದಿನ ಬೆಳಿಗ್ಗೆ ಆರಕ್ಕೆ ಖಾಂಗ್‌ನ ನಿವೇಶನದಲ್ಲಿ ಬೇಯಿಸಿದ ಕೋಳಿ, ಅನ್ನ, ಊದಿನಕಡ್ಡಿ ಎಲ್ಲ ಸಿದ್ಧವಾಗಿತ್ತು. ಪದ್ಧತಿಯಂತೆ ಖಾಂಗ್ ಆ ಕಡೆ ತಲೆ ಹಾಕದೆ ಮಂಡಿಯಲ್ಲಿ ಕೂತಿದ್ದ. ಲಾಮ್ ತನ್ನ ಹೆಸರು, ಹುಟ್ಟಿದ ವರ್ಷ ಕೂಗಿ ಹೇಳಿ ಮೂರು ಗುದ್ದಲಿ ಹಾಕಿದ. ಗಾಳಿ ಕಾಲುವೆಯಿಂದ ಬೀಸುತ್ತಿತ್ತು. ಊದಿನಕಡ್ಡಿಯ ಹೊಗೆ ಮಾತ್ರ, ಮೇಸ್ತ್ರಿಯ ಮಾತು ಕೇಳದ ಕೂಲಿಯ ಹಾಗೆ, ಗಾಳಿಗೆ ಎದುರಾಗಿ ಕಾಲುವೆಗೇ ಹೋಯಿತು.

ಬಾತುಕೋಳಿ ಸಾಕುವ ನೆರೆಯ ಉತ್ ಮಾಮ ಕರೆಯದೆಯೇ ಬಂದಿದ್ದ. "ಯಾರನ್ನೋ ಕರ್ಕೊಂಡು ಬರೋಕೆ ಹೋದ ಹಾಗಿದೆಯಲ್ಲೋ" ಎಂದ.

ಹತ್ತು ಗಂಟೆಗೆ ತಳದ ಕಾಂಕ್ರೀಟು ಮುಗಿಯಿತು. ಕೆಲಸದವರು ಊಟಕ್ಕೆ ಹೋದರು. ಸುಡುವ ಬಿಸಿಲು. ಕಪ್ಪೆಗಳು ಇದ್ದಕ್ಕಿದ್ದಂತೆ ಸುಮ್ಮನಾದವು. ಲಾಮ್ ಬೀಡಿ ಹಚ್ಚಿ ತಲೆ ಎತ್ತಿದರೆ, ಹಸಿ ಕಾಂಕ್ರೀಟಿನ ಮೇಲೆ ಹೆಜ್ಜೆಗಳು. ಗೇಣಿಗಿಂತ ಚಿಕ್ಕವು. ಕಾಲುವೆಯ ಕಡೆಯಿಂದ ಬಂದು, ಮುಂದಿನ ಕೋಣೆ ಬರಬೇಕಾದ ಜಾಗದಲ್ಲಿ ನಿಂತಿದ್ದವು. ಒಟ್ಟು ಹನ್ನೊಂದು. ವಾಪಸು ಹೋದದ್ದು ಒಂದೂ ಇಲ್ಲ. ಪ್ರತಿಯೊಂದರಲ್ಲೂ ನೀರು ನಿಂತಿತ್ತು.

ಮೇಸ್ತ್ರಿ ಬಂದು ಬೈಯುತ್ತಾ ಕರಣೆಯಿಂದ ಎಲ್ಲವನ್ನೂ ಸವರಿದ. ಸವರಿ ತಿರುಗುವಷ್ಟರಲ್ಲಿ ಹನ್ನೊಂದೂ ಮತ್ತೆ ಇದ್ದವು. ಅವನು ಕರಣೆ ಕೆಳಗಿಟ್ಟು ಸಿಗರೇಟನ್ನು ತಿರುಗುಮುರುಗಾಗಿ ಬಾಯಿಗಿಟ್ಟುಕೊಂಡ. "ಯಜಮಾನ ನೀನು. ನೀನೇ ಕೇಳು."

"ಯಾರಪ್ಪಾ ನೀನು, ಮರಿ?" ಲಾಮ್ ಬಗ್ಗಿ ಕೇಳಿದ.

ಕಾಂಕ್ರೀಟಿನೊಳಗಿಂದ 'ಪುಳಕ್' ಎಂದು ಒಂದು ಗುಳ್ಳೆ ಒಡೆಯಿತು. ಲಾಮ್ ಅಮ್ಮನ ಮನೆ ತಲುಪುವ ತನಕ ನಿಲ್ಲಲಿಲ್ಲ. ಉತ್ ಮಾಮ ಹಿಂದೆಯೇ ಓಡಿದ. ಇಂಥದ್ದನ್ನು ಅವನು ಅರ್ಧಕ್ಕೆ ಬಿಡುವವನಲ್ಲ.

ಅಮ್ಮ ಎಲೆಅಡಿಕೆ ಜಗಿಯುತ್ತಲೇ ಎಲ್ಲ ಕೇಳಿಸಿಕೊಂಡಳು. ಆಮೇಲೆ ಜಗಿಯುವುದು ನಿಂತಿತು.

"ಎಡಗಾಲಿನ ಕಿರುಬೆರಳು ಒಳಕ್ಕೆ ಮಡಚಿತ್ತಾ?"

"ಹೌದು! ನಿಂಗೆ ಹೇಗೆ ಗೊತ್ತು?"

"ಅವನು ಲಾಮ್."

"ಅಮ್ಮಾ, ಲಾಮ್ ನಾನು."

"ನೀನು ಆಮೇಲಿನವನು ಕಣೋ. ನಿನ್ನಣ್ಣ ನಾಲ್ಕು ನಡೀತಿದ್ದಾಗ ಕಾಲುವೆ ಪಾಲಾದ. ಮರುವರ್ಷ ನೀನು ಹುಟ್ಟಿದೆ. ಹೊಸ ಹುಟ್ಟಿನ ಕಾಗದ ಮಾಡಿಸೋಕೆ ಆಗ ಯಾರು ಅಲೆಯೋರು? ಅವನದು ಹೇಗೂ ಇತ್ತು, ಒಂದು ಕಲೆ ಕೂಡ ಇರ್ಲಿಲ್ಲ. ಐವತ್ತೆರಡು ಅವನಿಗೆ. ನಿನಗೆ ನಲವತ್ತೆಂಟು."

ಉತ್ ಮಾಮ ಬೆರಳು ಮಡಚಿ ಎಣಿಸಿದ. "ನಲವತ್ತೆಂಟಾ? ಆ ವಯಸ್ಸಲ್ಲಿ ಮನೆ ಕಟ್ಟಿದರೆ ಹೆಂಡತಿಗೆ ಕೇಡು."

"ಹಾಗಾದ್ರೆ ಬೆಳಿಗ್ಗೆ ನಾನು ಕರೆದದ್ದು..."

"ಹೆಸರು, ವರ್ಷ ಎಲ್ಲ ಹೇಳಿ ಅವನನ್ನೇ ಕರೆದೆ. ಕರೆದರು ಅಂತ ಹೋಗಿದ್ದಾನೆ. ಮಗುವಿನದೇನು ತಪ್ಪು?" ಎಂದಳು ಅಮ್ಮ.

ಸತ್ತ ಹುಡುಗನನ್ನು ಪರರ ಮನೆಗೆ ಯಜಮಾನನನ್ನಾಗಿ ಕೂರಿಸಿದವನಿಗೆ ಎಷ್ಟು ಏಟು ಬೀಳಬಹುದು ಎಂದು ಅಂದಾಜು ಮಾಡುತ್ತಾ ಲಾಮ್ ಮಂಡಿಗೆ ಹೋದ. ಖಾಂಗ್‌ಗೆ ಸುದ್ದಿ ಆಗಲೇ ಮುಟ್ಟಿತ್ತು.

"ತಪ್ಪಾಯ್ತು ಖಾಂಗ್. ಅಣ್ಣನನ್ನ ಎಬ್ಬಿಸಿ ಕರ್ಕೊಂಡು ಹೋಗ್ತೀನಿ. ನನ್ನ ವಯಸ್ಸು ನಂಗೆ ಕೊಟ್ಬಿಡು."

"ಹೆಜ್ಜೆ ಒಳಗೆ ಹೋಗಿವೆ, ಹೊರಗೆ ಬಂದಿಲ್ಲ. ಅಲ್ವಾ ಲಾಮಣ್ಣ?" ಖಾಂಗ್ ಮೆಲ್ಲನೆ ಕೇಳಿದ. "ನಮಗೆ ಮದುವೆಯಾಗಿ ಹನ್ನೊಂದು ವರ್ಷ. ತೊಟ್ಟಿಲು ಕಟ್ಟಲಿಲ್ಲ. ನನ್ನ ಹೆಂಡತಿ ಮಧ್ಯಾಹ್ನ ಅಲ್ಲಿ ಒಂದು ಪುಟ್ಟ ಬಟ್ಟಲಲ್ಲಿ ಗಂಜಿ ಇಟ್ಟು ಬಂದಳು. ಹೋಗಿ ನೋಡಿದರೆ ಖಾಲಿ. ಸಂಜೆಗೆ ಮೀನು ಬೇಯಿಸ್ತಿದ್ದಾಳೆ. ದಯವಿಟ್ಟು ವಾಪಸ್ ಕೇಳಬೇಡ."

"ಮತ್ತೆ ನನ್ನ ವಯಸ್ಸು?"

"ನಿಂದೆಲ್ಲಿ ಅದು?"

ಸಂಜೆ ಗುಡಿಸಲಿಗೆ ಬಂದರೆ ಬಿಕ್ ಅಕ್ಕ ಮಾತು ಉಳಿಸಿಕೊಂಡಿದ್ದಳು. ಅಂಗಳದಲ್ಲಿ ಐದು ಸಾವಿರ ಕೆಂಪು ಇಟ್ಟಿಗೆ. ಮನೆ ಆಗುವಷ್ಟು ಇಟ್ಟಿಗೆ ಇತ್ತು, ಗುದ್ದಲಿ ಹಾಕಲು ವಯಸ್ಸಿರಲಿಲ್ಲ.

ಉಳಿದದ್ದು ಒಂದೇ ದಾರಿ. ಅಣ್ಣನನ್ನೇ ಕೇಳಿಕೊಳ್ಳುವುದು. ಅಮ್ಮ ತನ್ನ ಮನೆಯಲ್ಲಿ ಸತ್ತ ಹಿರಿಯರ ಪೂಜಾಪೀಠದ ಮುಂದೆ ತಟ್ಟೆ, ಎರಡು ನಾಣ್ಯ ಇಟ್ಟಳು. ಒಂದು ಮುಖ, ಒಂದು ಬೆನ್ನು ಬಿದ್ದರೆ ಒಪ್ಪಿಗೆ.

"ಅಣ್ಣಾ, ನಾನು ಲಾಮ್. ನಿನ್ನ ವಯಸ್ಸು ನನ್ನ ಮನೆಗೂ ಸ್ವಲ್ಪ ಕೊಡು."

ಎರಡೂ ಮುಖ ಮೇಲಾಗಿ ಬಿದ್ದವು. ಇನ್ನೊಮ್ಮೆ ಎಸೆದ. ಎರಡೂ ಮುಖವೇ. ಮೂರನೆಯ ಸಲ ನಾಣ್ಯಗಳು ತಟ್ಟೆಯಲ್ಲಿ ತುಂಬ ಹೊತ್ತು ಗಿರಗಿರ ತಿರುಗಿ, ಒಟ್ಟಿಗೇ ಮುಖ ಮೇಲಾಗಿ ಮಲಗಿದವು.

"ಎರಡೂ ಮುಖ ಅಂದ್ರೆ ನಗ್ತಿದ್ದಾನೆ" ಎಂದ ಉತ್ ಮಾಮ. "ನಗದೆ ಇನ್ನೇನು ಮಾಡ್ತಾನೆ? ಲಾಮ್ ಹತ್ತಿರ ಹೋಗಿ ನಾನು ಲಾಮ್ ಅಂದರೆ? ನಿನ್ನ ಸ್ವಂತ ಹೆಸರು ಹೇಳಿ ಕೇಳೋ."

ಲಾಮ್ ತಾಯಿಯ ಕಡೆ ತಿರುಗಿದ. "ಅಮ್ಮಾ, ನನ್ನ ಹೆಸರೇನು?"

ಅಮ್ಮ ತಟ್ಟೆಯಿಂದ ನಾಣ್ಯಗಳನ್ನು ಒಂದೊಂದಾಗಿ ಆರಿಸಿಕೊಂಡಳು.

"ಒಂದು ಇಡಬೇಕು ಅಂತಿದ್ದೆ ಕಣಪ್ಪಾ" ಎಂದಳು. "ಅಷ್ಟರಲ್ಲಿ ನೀನು ದೊಡ್ಡವನಾಗಿಬಿಟ್ಟೆ."