ಬಚ್ಚಲಮನೆಯ ಹೆಬ್ಬಾಗಿಲು

ಮನೆ ಕೊಳ್ಳುವಾಗ ಮೂರು ವಿಷಯ ನೋಡಬೇಕಂತೆ: ಬೆಲೆ ಕೈಗೆಟುಕಬೇಕು, ಹತ್ತಿರ ಒಳ್ಳೆ ಶಾಲೆ ಇರಬೇಕು, ನೆರೆಹೊರೆ ಚೆನ್ನಾಗಿರಬೇಕು. ಈ ಮಾತು ಹೇಳಿದ ಪುಣ್ಯಾತ್ಮ ಮೂರನ್ನೂ ಒಂದೇ ಕಡೆ ಕಂಡಿದ್ದನೋ ಇಲ್ಲವೋ, ನಾನಂತೂ ಎರಡು ವರ್ಷ ದಲ್ಲಾಳಿಯ ಸ್ಕೂಟರಿನ ಹಿಂದೆ ಕೂತು ಸೊಂಟ ಕಳೆದುಕೊಂಡೆ. ಶಾಲೆಯ ಪಕ್ಕದ ಮನೆಯೊಂದರ ಬೆಲೆ ಕೇಳಿ ನನ್ನಾಕೆ ಕುಡಿಯೋಕೆ ನೀರು ಕೇಳಿದಳು. (ಪಾಪ, ಅವರು ಕೊಟ್ಟರು. ನೀರಿಗೆ ಬೆಲೆ ಹೇಳಲಿಲ್ಲ.)

ನಮ್ಮ ಮಗಳಿಗೆ ಆರು ವರ್ಷ. ಈಗಿರುವ ಶಾಲೆಯವರು "ಬಹಳ ಶಾಂತ ಸ್ವಭಾವದ, ಮಿತಭಾಷಿ ಹುಡುಗಿ" ಅಂತ ಬರೆದು ಕಳಿಸಿದ ದಿನವೇ ನಮಗೆ ಗೊತ್ತಾಗಿಹೋಯಿತು, ಅವರು ವರ್ಷವಿಡೀ ಬೇರೆ ಯಾರನ್ನೋ ನಮ್ಮ ಮಗಳು ಅಂದುಕೊಂಡಿದ್ದಾರೆ. ಗೋಪುರದಲ್ಲಿ ದೊಡ್ಡ ಗಡಿಯಾರವಿದ್ದು, ಊರೆಲ್ಲ ಗಡಿಯಾರದ ಶಾಲೆ ಅಂತಲೇ ಕರೆಯುವ ಆ ಒಳ್ಳೆ ಶಾಲೆಗೇ ಸೇರಿಸಬೇಕು ಅಂತ ನನ್ನಾಕೆ ಹಟ ಹಿಡಿದಳು. ಆ ಶಾಲೆಯ ನಿಯಮ ಒಂದೇ. ಶಾಲೆಯ ಗೇಟಿನಿಂದ ಮನೆಯ ಮುಂಬಾಗಿಲಿಗೆ ಸಾವಿರ ಮೀಟರ್ ಒಳಗಿದ್ದರೆ ಸೀಟು. ಒಂದು ಮೀಟರ್ ಹೆಚ್ಚಾದರೂ ದೊಡ್ಡ ನಮಸ್ಕಾರ.

ಕೊನೆಗೂ ಒಂದು ಮೂಲೆಮನೆ ಸಿಕ್ಕಿತು. ಬೆಲೆ ಕಡಿಮೆ, ಯಾಕೆಂದರೆ ಅದರ ಗೋಡೆಗೆ ಒತ್ತಿಕೊಂಡೇ ಬ್ಯಾಂಡ್‌ಸೆಟ್‌ನವರ ಅಭ್ಯಾಸದ ಶೆಡ್ಡು.

"ರೀ, ಇದನ್ನ ನೆರೆಹೊರೆ ಅಂತಾರಾ? ಇಲ್ಲಿರೋದು ಬರೀ ಹೊರೆ!" ಅಂತ ನನ್ನಾಕೆ ಕಿವಿ ಮುಚ್ಚಿಕೊಂಡು ಕೂಗಿದಳು.

"ಪುಕ್ಕಟೆ ಸಂಗೀತ ಕಣೇ!" ಅಂತ ನಾನೂ ಕೂಗಿದೆ. ಕರಾರುಪತ್ರಕ್ಕೆ ಸಹಿ ಹಾಕಿಬಿಟ್ಟೆ.

ಆಮೇಲೆ ದೂರ ಅಳೆದೆ. (ಹೌದು, ಆಮೇಲೆ. ನೀವೂ ಬೈಯಬೇಡಿ, ಮನೆಯಲ್ಲಿ ಆಗಿದೆ.) ಅಳೆಯೋದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಇಪ್ಪತ್ತೆರಡು ವರ್ಷದಿಂದ ಬಟ್ಟೆ ಅಂಗಡಿಯಲ್ಲಿ ಅಳೆದ ಕೈ ಇದು. ಬಟ್ಟೆ ಹಿಡಿಯುವ ಕ್ರಮವನ್ನು ಯಜಮಾನರೇ ಪಕ್ಕದಲ್ಲಿ ನಿಂತು ಹೇಳಿಕೊಟ್ಟಿದ್ದಾರೆ. ಅಂಗಡಿಯ ಮೀಟರ್ ಕೋಲಿನಲ್ಲಿ ನೂರು ಮೀಟರ್ ಹಗ್ಗ ಅಳೆದು, ಕತ್ತರಿಸಿ, ಅದನ್ನು ಶಾಲೆಯ ಗೇಟಿನಿಂದ ರಸ್ತೆಯುದ್ದಕ್ಕೂ ಹಾಸಿಕೊಂಡು ಬಂದೆ. ಮುಂಬಾಗಿಲಿಗೆ ಸಾವಿರದ ಇಪ್ಪತ್ತನಾಲ್ಕು!

ನನ್ನಾಕೆ ಮೆಟ್ಟಿಲ ಮೇಲೆ ಕುಸಿದು ಕೂತಳು. "ಮಗು ಸೀಟು ಹೋಯ್ತಲ್ರೀ," ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಹಗ್ಗ ಎಳೆದುಕೊಂಡು ಮನೆಯ ಸುತ್ತ ತಿರುಗಿದೆ. ಶಾಲೆ ಕಡೆಯ ಓಣಿಗೆ ತಾಗಿಕೊಂಡಿದ್ದ ಒಂದೇ ಒಂದು ಗೋಡೆ ಬಚ್ಚಲಮನೆಯದು. ಅಳೆದೆ. ಒಂಬೈನೂರ ತೊಂಬತ್ತೆಂಟು!

"ಮುಂಬಾಗಿಲನ್ನ ಇಲ್ಲಿಡೋಣ," ಅಂದೆ.

"ಬಚ್ಚಲಿಗಾ? ತಲೆ ನೆಟ್ಟಗಿದೆಯಾ?"

"ಮುಂಬಾಗಿಲು ಹಜಾರಕ್ಕೇ ತೆರೆಯಬೇಕು ಅಂತ ಎಲ್ಲಿ ಬರೆದಿದೆ?"

ಮಗಳಿಗೋಸ್ಕರ ಒಪ್ಪಿದಳು. ಗೋಡೆ ಒಡೆದು ಬಾಗಿಲಿಟ್ಟು, ಕರೆಗಂಟೆ ಕೂರಿಸಿ, ಬಕೆಟ್ಟಿನ ಮೇಲ್ಗಡೆ ನನ್ನ ನಾಮಫಲಕ ತೂಗುಹಾಕಿದೆವು. ಹಳೇ ಬಾಗಿಲಿಗೆ ಬೀಗ ಜಡಿದು, "ಮುಖ್ಯದ್ವಾರ ಓಣಿಯಲ್ಲಿ" ಅಂತ ಬಾಣದ ಗುರುತು ಹಾಕಿದೆವು. ಅಲ್ಲಿಂದಾಚೆಗೆ ಮನೆಗೆ ಬಂದವರೆಲ್ಲ ಕಾಲು ತೊಳೆದುಕೊಂಡೇ ಬರುತ್ತಿದ್ದರು, ಬೇಕಿರಲಿ ಬೇಡದಿರಲಿ. ಅಂಚೆಯವನು ಒಂದು ದಿನ ಕಾಗದದ ಜೊತೆಗೆ ನನಗೆ ಸೋಪೂ ಎತ್ತಿಕೊಟ್ಟ. ನನ್ನ ಷಡ್ಡಕ ಸೋಪಿನ ಮೇಲೆ ಕಾಲಿಟ್ಟು ಜಾರಿ, ನೇರ ಊಟದ ಮೇಜಿನವರೆಗೂ ಬಂದು ನಿಂತ. ಹೇಗೂ ಬಂದೆನಲ್ಲ ಅಂತ ಊಟ ಮಾಡಿಕೊಂಡೇ ಹೋದ.

ಶಾಲೆಯಿಂದ ಅಳತೆಗೆ ಡ್ರಿಲ್ ಮೇಷ್ಟ್ರು ಬರುವ ದಿನ. ಹತ್ತಕ್ಕೆ ಬರಬೇಕಾದವರು ಒಂಬತ್ತಕ್ಕೇ ಗಂಟೆ ಒತ್ತಿದರು. ನಾನು ಸ್ನಾನದಲ್ಲಿದ್ದೆ, ಮೈತುಂಬ ನೊರೆ. ಟವಲ್ ಸುತ್ತಿಕೊಳ್ಳುವಷ್ಟರಲ್ಲಿ ನನ್ನಾಕೆ ಒಳಗಿಂದ ಬಂದು, "ಬನ್ನಿ ಸಾರ್, ಬನ್ನಿ," ಅಂತ ಬಾಗಿಲು ತೆರೆದೇಬಿಟ್ಟಳು. ಪಕ್ಕದ ಶೆಡ್ಡಿನಲ್ಲಿ ಡೋಲು ಶುರುವಾಯಿತು.

ಮೇಷ್ಟ್ರು ಕೈಯಲ್ಲಿ ಅಳತೆಯ ಚಕ್ರ ಹಿಡಿದು ನನ್ನನ್ನೂ ನಾಮಫಲಕವನ್ನೂ ಸರದಿಯ ಮೇಲೆ ನೋಡಿದರು. "ಮೊದಲು ಆ ಕಡೆ ಬಾಗಿಲಿಗೇ ಹೋಗಿದ್ದೆ. ಅಲ್ಲಿಗೆ ಒಂಬೈನೂರ ಎಪ್ಪತ್ಮೂರು. ಇಲ್ಲಿಗೆ ಇನ್ನೂ ಕಡಿಮೆ. ಯಾವ ಬಾಗಿಲಾದ್ರೂ ಸೀಟು ಗ್ಯಾರಂಟಿ. ಅದ್ಸರಿ, ಬಚ್ಚಲಿಗೆ ಯಾಕೆ ಮುಂಬಾಗಿಲು?"

ಇಲ್ಲಿ ನಾನು ಥ್ಯಾಂಕ್ಸ್ ಹೇಳಿ ಬಾಯಿ ಮುಚ್ಚಿಕೊಂಡಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಆದರೆ ಇಪ್ಪತ್ತೆರಡು ವರ್ಷದ ಕೈ!

"ಸಾಧ್ಯವೇ ಇಲ್ಲ! ಆ ಬಾಗಿಲಿಗೆ ಸಾವಿರದ ಇಪ್ಪತ್ತನಾಲ್ಕು. ನಿಮ್ಮ ಚಕ್ರ ಕೆಟ್ಟಿದೆ!"

"ರೀ, ಸೀಟು ಸಿಕ್ಕಿದೆ, ಸುಮ್ಮನಿರಿ," ಅಂತ ನನ್ನಾಕೆ ಟವಲೊಂದನ್ನು ಬಿಟ್ಟು ನನ್ನ ಕೈ, ಭುಜ, ಕಿವಿ ಎಲ್ಲ ಎಳೆದಳು.

ನಾನು ಹಗ್ಗವನ್ನೇ ತರಿಸಿದೆ. ಓಣಿಯಲ್ಲಿ ಹಾಸಿದೆ. ಮೇಷ್ಟ್ರು ಅದರ ಪಕ್ಕ ಚಕ್ರ ಉರುಳಿಸಿದರು. ನನ್ನ ನೂರು ಮೀಟರ್ ಹಗ್ಗ ತೊಂಬತ್ತೈದಕ್ಕೇ ಮುಗಿದುಹೋಯಿತು.

"ಹೇಗೆ ಅಳೆದ್ರಿ? ತೋರಿಸಿ," ಅಂದರು ಮೇಷ್ಟ್ರು.

ಅಂಗಡಿಯಿಂದ ತಂದಿಟ್ಟಿದ್ದ ಮೀಟರ್ ಕೋಲು ಹಿಡಿದು ಹಗ್ಗವನ್ನು ಠೀವಿಯಿಂದ ಅಳೆಯತೊಡಗಿದೆ. ಒಂದು... ಎರಡು... ಮೂರು...

"ಅಪ್ಪಾ!" ಅಂತ ನಮ್ಮ ಮಿತಭಾಷಿ ಇಡೀ ಬೀದಿಗೆ ಕೇಳುವಂತೆ ಕಿರುಚಿದಳು. "ನಿನ್ನ ಹೆಬ್ಬೆರಳು ಪ್ರತಿಸಲ ಹಿಂದಕ್ಕೆ ಜಾರ್ತಿದೆ!"

ನೋಡಿಕೊಂಡೆ. ನಿಜ. ಮುಂದಿನ ಮೀಟರ್ ಹಿಡಿಯುವಾಗಲೆಲ್ಲ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮೂರು ಬೆರಳಷ್ಟು ಹಿಂದೆ ಸರಿದು, ಅಳೆದದ್ದನ್ನೇ ಮತ್ತೆ ಅಳೆಯುತ್ತಿತ್ತು. ಯಜಮಾನರು ಹೇಳಿಕೊಟ್ಟ ಕ್ರಮ ಅದೇ. ಹೊಸದರಲ್ಲಿ ನಾಚಿಕೆಯಾಗುತ್ತಿತ್ತು, ಆಮೇಲೆ ಅಭ್ಯಾಸವಾಗಿ ಮರೆತೇಹೋಗಿತ್ತು. ಗಿರಾಕಿ ಯಾರು, ಹೆಂಡತಿ ಯಾರು ಅಂತ ಹೆಬ್ಬೆರಳಿಗೇನು ಗೊತ್ತು?

ಹೆಂಡತಿಗೆ ಗೊತ್ತಾಯಿತು. ಅವಳ ಮುಖ ನಿಧಾನವಾಗಿ ಬದಲಾಗಿದ್ದನ್ನು ಕಂಡೆ. ಅವಳ ಬಟ್ಟೆಯನ್ನೆಲ್ಲ ಅಂಗಡಿಯಿಂದ ಅಳೆದು ತಂದುಕೊಡುವವನು ನಾನೇ. ಟೈಲರ್ ಪ್ರತಿಸಲ "ಬಟ್ಟೆ ಸಾಲೋಲ್ಲ" ಅನ್ನುವನು. ನಾನು ಪ್ರತಿಸಲ, "ಬಟ್ಟೆ ಸರಿಯಾಗೇ ಇದೆ, ನೀನೇ ಸ್ವಲ್ಪ ದಪ್ಪಗಾಗಿರ್ಬೇಕು ಕಣೇ," ಅನ್ನುವೆನು. ಆ ಒಂದು ಮಾತಿಗೆ ಪಾಪದ ಹೆಂಗಸು ಮೂರು ವರ್ಷದಿಂದ ಸಿಹಿ ಮುಟ್ಟಿಲ್ಲ. ದಿನಾ ಬೆಳಿಗ್ಗೆ ನಲವತ್ತು ಸಲ ಮೆಟ್ಟಿಲು ಹತ್ತಿ ಇಳಿಯುತ್ತಾಳೆ.

ಅವಳು ಮೇಷ್ಟ್ರನ್ನು ಒಳಗೆ ಕರೆದು ಕೂರಿಸಿದಳು. ಕಾಫಿ ಕೊಟ್ಟಳು. ಅವರ ಜೊತೆ ಕೂತು, ಡಬ್ಬಿಯಿಂದ ಆರು ಸಿಹಿ ಬಿಸ್ಕತ್ತು ತೆಗೆದು ಒಂದೊಂದಾಗಿ ತಿಂದಳು. ಅಪರಾಹ್ನ ಹಳೇ ಬಾಗಿಲಿನ ಬೀಗ ತೆಗೆದಳು.

ಈಗ ಮಗಳು ಗಡಿಯಾರದ ಶಾಲೆಗೆ ಹೋಗುತ್ತಾಳೆ. ಎಲ್ಲರೂ ಹಜಾರದ ಬಾಗಿಲಿನಿಂದ ಓಡಾಡುತ್ತಾರೆ, ನಾನೊಬ್ಬನನ್ನು ಬಿಟ್ಟು. ನಾಮಫಲಕ ಎಲ್ಲಿದೆಯೋ ಅಲ್ಲಿಂದಲೇ ನನ್ನ ಪ್ರವೇಶ ಅಂತ ಆಜ್ಞೆಯಾಗಿದೆ. ನಿನ್ನೆ ಹಾಗೇ ಬಕೆಟ್ಟು ದಾಟಿಕೊಂಡು ಬಂದು ಕೂತೆ. ಕಾಫಿ ತಂದಿಟ್ಟಳು. ನೋಡಿದರೆ ಲೋಟ ಮೂರು ಬೆರಳು ಖಾಲಿ.

"ಯಾಕೇ, ಕಾಫಿ ಕಡಿಮೆ ಇದೆ?"

"ಕಾಫಿ ಸರಿಯಾಗೇ ಇದೆ," ಅಂದಳು ನನ್ನಾಕೆ, "ಲೋಟಾನೇ ಸ್ವಲ್ಪ ದಪ್ಪಗಾಗಿರ್ಬೇಕು ರೀ."